ಲೈಕ್ ಒತ್ತಿದರೆ ಮರ ಉಳಿದೀತೇ?



ಕಡಿದುರುಳಿಸಿದ ಮರದ ಫೋಟೋ ನಿಮ್ಮ ಮೊಬೈಲಿಗೂ ಬಂದಿರಬಹುದು. 'ಅಯ್ಯೋ' ಎಂದು ಒಂದು ಲೈಕ್ ಒತ್ತಿ, ನಾಲ್ವರಿಗೆ ಕಳಿಸಿ, ನಾವು ಸುಮ್ಮನಾಗುತ್ತೇವೆ. ಹೀಗೆ ಮಾಡಿದರೆ ಮರ ಉಳಿಯುತ್ತದೆಯೇ? ಉಳಿಯಬೇಕಾದರೆ ಇನ್ನೊಂದು ಹೆಜ್ಜೆ ಇಡಬೇಕು. ಅದೇನೆಂದು ನಮ್ಮ ಬೆಂಗಳೂರೇ ತೋರಿಸಿಕೊಟ್ಟಿದೆ.

2016ರಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ಅದಕ್ಕೆ 812 ಮರ ಬಲಿಯಾಗಬೇಕಿತ್ತು. ಆಗ ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಒಂದೇ ಮಾತು ಹರಡಿತು: 'ಸ್ಟೀಲ್ ಫ್ಲೈಓವರ್ ಬೇಡ'. ಕನ್ನಡ ಬಾರದವರೂ ನಮ್ಮ 'ಬೇಡ'ವನ್ನು ಕಲಿತು ಬರೆದರು!

ಬರೀ ಘೋಷಣೆಯಾಗಿದ್ದರೆ ಅದು ಮೊಬೈಲಿನಲ್ಲೇ ಉಳಿಯುತ್ತಿತ್ತು. ಆದರೆ ಆ ಸಂದೇಶದ ಜೊತೆಗೆ ದಿನವಿತ್ತು, ಜಾಗವಿತ್ತು. ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ಕಾಮಗಾರಿಗೆ ತಡೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಕಾನೂನು ಹೋರಾಟ, ರಾಜಕೀಯ ಎಲ್ಲವೂ ಇದರಲ್ಲಿ ಸೇರಿದ್ದವು ನಿಜ. ಆದರೆ ಅಷ್ಟು ಜನರನ್ನು ಮನೆಯಿಂದ ರಸ್ತೆಗೆ ಕರೆತಂದದ್ದರಲ್ಲಿ ಈ ಪುಟ್ಟ ಸಂದೇಶಗಳ ಪಾಲು ದೊಡ್ಡದು.

ಮುಂಬಯಿ ಕೇಳುಗರಿಗೆ ವರ್ಸೋವಾ ಕಡಲತೀರ ಗೊತ್ತೇ ಇದೆ. ಅಲ್ಲಿ 2015ರ ಅಕ್ಟೋಬರ್‌ನಲ್ಲಿ ವಕೀಲ ಅಫ್ರೋಜ್ ಶಾ ಮತ್ತು ಅವರ ನೆರೆಮನೆಯ ಹಿರಿಯರು, ಇಬ್ಬರೇ ಕಸ ಹೆಕ್ಕತೊಡಗಿದರು. ವಾರ ವಾರವೂ ಶಾ ಜಾಲತಾಣದಲ್ಲಿ ಕೆಲಸದ ವರದಿ ಹಾಕಿದರು, ಬನ್ನಿ ಎಂದು ಕರೆದರು. ಜನ ಸೇರುತ್ತಾ ಹೋದರು. 2018ರ ಮಾರ್ಚ್‌ನಲ್ಲಿ ಆ ಮರಳಿನಿಂದ ಆಲಿವ್ ರಿಡ್ಲೆ ಆಮೆಮರಿಗಳು ಕಡಲಿಗಿಳಿದವು!

ನೀವೂ ಪ್ರಯತ್ನಿಸಬಹುದು. ನಿಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯಗಳ ನಡುವೆ ಹೀಗೊಂದು ಸಂದೇಶ ಹಾಕಿ: ಯಾವ ಕೆರೆ ಅಥವಾ ಉದ್ಯಾನ, ಯಾವ ದಿನ, ಎಷ್ಟು ಗಂಟೆಗೆ, ಏನು ತರಬೇಕು. ಒಂದು ಸಲಕ್ಕೆ ಒಂದೇ ಕೆಲಸ ಸಾಕು. ಫೋಟೋ ನೀವೇ ತೆಗೆದದ್ದಿರಲಿ. ಯಾವ ಊರಿನದೋ, ಯಾವ ಕಾಲದ್ದೋ ಚಿತ್ರ ಹಾಕಿದರೆ ನಂಬಿಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಏನಾಯಿತೆಂದು ತಪ್ಪದೆ ತಿಳಿಸಿ. ಮುಂದಿನ ಸಲ ಜನ ಬರುವುದು ಅದನ್ನು ನೋಡಿಯೇ.

ಮೊದಲ ದಿನ ಇಬ್ಬರೇ ಬಂದರೆ ಬೇಸರ ಬೇಡ. ವರ್ಸೋವಾದಲ್ಲೂ ಇದ್ದದ್ದು ಇಬ್ಬರೇ. ಹನಿ ಹನಿ ಕೂಡಿದರೆ ಹಳ್ಳ, ಅಲ್ಲವೇ?