ಪಿಟ್ಟಿನ ನೀರು ಪಿನಾಕಿನಿ ಸೇರದಂತೆ

ಸಕ್ಕಿಂಗ್ ಲಾರಿಯ ಪೈಪನ್ನು ತೊಟ್ಟಿಯ ಬಾಯಿಗಿಟ್ಟು ವಾಲ್ವ್ ತಿರುಗಿಸುತ್ತಿದ್ದಂತೆ ಕಪ್ಪು ನೀರು ಧುಮುಕಿತು. ಜಾಲರಿಯ ಮೇಲೆ ಉಳಿದದ್ದು ಶಾಂಪೂ ಸ್ಯಾಷೆ, ಗುಟ್ಕಾ ಚೀಟಿ, ಒಂದು ಹಳೇ ಬನಿಯನ್ನು. "ಜನ ಪಿಟ್ಟನ್ನ ಕಸದ ಡಬ್ಬ ಅಂದ್ಕೊಂಡವ್ರೆ ಸಾರ್" ಎನ್ನುತ್ತಾ ಘಟಕದ ಕೆಲಸಗಾರರು ಉದ್ದನೆಯ ಕೊಕ್ಕೆಯಿಂದ ಅದನ್ನೆಲ್ಲ ಎಳೆದು ಪಕ್ಕಕ್ಕೆ ಹಾಕಿದರು.

ದೇವನಹಳ್ಳಿ ಎಂದರೆ ಜನಕ್ಕೆ ನೆನಪಾಗುವುದು ವಿಮಾನ ನಿಲ್ದಾಣ, ಟಿಪ್ಪು ಹುಟ್ಟಿದ ಜಾಗ, ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಕೋಟೆ, ಚಕ್ಕೋತ. ಪುರಸಭೆಯ ಮಲತ್ಯಾಜ್ಯ ಸಂಸ್ಕರಣಾ ಘಟಕ ನೋಡಲು ಬರುವವರು ಕಡಿಮೆ. 2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ, ಒಳಚರಂಡಿ ಇಲ್ಲದ ಊರಿಗೆಂದು 2015ರಲ್ಲಿ ಶುರುವಾದ ಇದು ದೇಶದಲ್ಲೇ ಈ ಬಗೆಯ ಮೊದಲನೆಯದು ಎನ್ನುತ್ತಾರೆ. ವಿನ್ಯಾಸ ಬೆಂಗಳೂರಿನ ಸಿಡಿಡಿ ಸೊಸೈಟಿಯದು. ಘಟಕದ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್, ಅಂದರೆ ಹೆಚ್ಚೆಂದರೆ ಒಂದೆರಡು ಲಾರಿ ಲೋಡು.

ಅಷ್ಟೇನಾ ಅನ್ನಿಸಬಹುದು. ಆದರೆ ವರ್ಷಗಟ್ಟಲೆ ಗುಂಡಿಯಲ್ಲಿ ಕೂತ ಮಲ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಗಾಢ. ಒಂದು ಲೋಡು ಕೆರೆಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ತೇಲುತ್ತವೆ. ಈ ಸೀಮೆಯಲ್ಲಿ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ. ಕೊನೆಗೆ ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿ ಹೊಸಕೋಟೆ ಕಡೆಗೆ ಇಳಿಯುವ ದಕ್ಷಿಣ ಪಿನಾಕಿನಿಗೆ. ತಮಿಳುನಾಡಿನ ಕೆಲವರಪಳ್ಳಿ ಜಲಾಶಯದಲ್ಲಿ ಏಳುವ ನೊರೆಯ ಸುದ್ದಿ ಓದಿದವರಿಗೆ ಈ ನದಿಯ ಪಾಡು ಗೊತ್ತು. ಅದರಲ್ಲಿ ಬೆಂಗಳೂರಿನ ಪಾಲೇ ದೊಡ್ಡದು ಬಿಡಿ. ಹಾಗಂತ ಸಣ್ಣ ಊರುಗಳಿಗೆ ವಿನಾಯಿತಿ ಇಲ್ಲವಲ್ಲ.

ಘಟಕದಲ್ಲಿ ಎಲ್ಲವೂ ಇಳಿಜಾರಿನ ಕೆಲಸ, ಮೋಟಾರಿನ ಗದ್ದಲ ಕಡಿಮೆ. ಜಾಲರಿ ದಾಟಿದ್ದು ಗ್ಯಾಸ್ ತೊಟ್ಟಿಗೆ, ಅಲ್ಲಿಂದ ಗಾಳಿಯಾಡದ ಇನ್ನೊಂದು ತೊಟ್ಟಿಗೆ, ಆಮೇಲೆ ಮರಳು–ಜಲ್ಲಿಯ ಒಣಗು ಹಾಸಿಗೆ. ಬಸಿದ ನೀರು ಮತ್ತೆರಡು ಹಂತ ದಾಟಿ, ಕಾಬಾಳೆಯಂಥ ಗಿಡ ನೆಟ್ಟ ಜಲ್ಲಿಯ ಪಾತಿಯೊಳಗೆ ಹಾಯ್ದು ಗಿಡಮರಗಳಿಗೆ ಹೋಗುತ್ತದೆ.

ನಾನು ಹೆಚ್ಚು ಹೊತ್ತು ನಿಂತದ್ದು ಒಣಗು ಹಾಸಿಗೆಯ ಬಳಿ. ಬಿಸಿಲಿಗೆ ಮಲ ಹೆಂಟೆ ಹೆಂಟೆಯಾಗಿ ಬಿರುಕುಬಿಟ್ಟಿತ್ತು. ಯಾವಾಗ ಎತ್ತಬೇಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಸಲಿಕೆಗೆ ಅಂಟಬಾರದು ಸಾರ್, ಅಪ್ಪಳದಂಗೆ ಏಳ್ಬೇಕು." ಬಿರುಕುಗಳ ನಡುವೆ ಟೊಮೆಟೊ ಸಸಿಗಳು ತಲೆಯೆತ್ತಿದ್ದವು. ಊರವರು ತಿಂದ ಟೊಮೆಟೊ! ಹೊಟ್ಟೆ, ಗುಂಡಿ, ತೊಟ್ಟಿ ಎಲ್ಲ ದಾಟಿಯೂ ಬೀಜ ಸತ್ತಿಲ್ಲ. ತಮಾಷೆಯೆನಿಸಿದರೂ ಬೀಜದಂತೆಯೇ ಜಂತುಹುಳುವಿನ ಮೊಟ್ಟೆಯೂ ಗಟ್ಟಿಜೀವ. ಅದಕ್ಕೇ ಒಣಗಿದ್ದನ್ನು ನೇರ ಹೊಲಕ್ಕೆ ಕೊಡದೆ ಊರಿನ ಹಸಿ ಕಸದ ಜೊತೆ ಗುಡ್ಡೆ ಹಾಕುತ್ತಾರೆ. ಗುಡ್ಡೆಯ ಒಡಲು 55 ಡಿಗ್ರಿ ದಾಟಿ ದಿನಗಟ್ಟಲೆ ಕುದಿದರೆ ಮೊಟ್ಟೆಗಳು ಸಾಯುತ್ತವೆ. ಆಮೇಲಷ್ಟೇ ಅದು ರೈತರು ಒಯ್ಯುವ ಗೊಬ್ಬರ. ನಾನು ಹಿಡಿಯಷ್ಟು ಮೂಸಿ ನೋಡಿದೆ, ಮಳೆ ಬಿದ್ದ ಮಣ್ಣಿನ ವಾಸನೆ, ಬೇರೇನೂ ಇಲ್ಲ.

ಕೆಲಸಗಾರರ ಕೊರಗು ಬೇರೆಯೇ. ಖಾಸಗಿ ಲಾರಿಯವರಿಗೆ ಡೀಸೆಲ್ ಉಳಿಸುವ ಆಸೆ. ಕತ್ತಲಾದ ಮೇಲೆ ಯಾವುದೋ ಹಳ್ಳ, ಯಾವುದೋ ಲೇಔಟಿನ ಖಾಲಿ ಸೈಟು ಸಿಕ್ಕರೆ ಅಲ್ಲೇ ಬಿಟ್ಟು ಹೋಗುವವರಿದ್ದಾರೆ ಎನ್ನುತ್ತಾರೆ. ಸುತ್ತ ಬಡಾವಣೆಗಳು ಏಳುತ್ತಿರುವ ವೇಗಕ್ಕೆ ದಿನಕ್ಕೆ 6 ಸಾವಿರ ಲೀಟರ್ ಯಾವ ಮೂಲೆಗೆ? ಘಟಕ ಚೆನ್ನಾಗಿದೆ, ಸಾಲದು ಎಂಬುದೇ ನನ್ನ ಅನಿಸಿಕೆ. ಸುರಕ್ಷತಾ ಸಾಧನಗಳಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಗಟ್ಟಿಯಾಗಿ ನಿಷೇಧಿಸಿದೆ. ಎತ್ತಿದ ಮಲ ಎಲ್ಲಿಗೆ ಹೋಯಿತೆಂದು ಮಾತ್ರ ಯಾವ ಮನೆಯವರೂ ವಿಚಾರಿಸುವುದಿಲ್ಲ.

ನಿಮ್ಮ ಮನೆಯ ಪಿಟ್ಟನ್ನು ತುಂಬಿ ಉಕ್ಕುವವರೆಗೆ ಬಿಡದೆ ಎರಡು–ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ. ದುಡ್ಡು ಕೊಡುವ ಮುಂಚೆ ಡ್ರೈವರನ್ನು ಒಂದು ಮಾತು ಕೇಳಿ: ಈ ಲೋಡು ಎಲ್ಲಿಗಪ್ಪಾ?