ದೇಹದ ಕಾವಲುಗಾರರ ಪೂರ್ವವೃತ್ತಾಂತ

ಮೊನ್ನೆ ಮರ್ಫಿ ಟೌನಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿರುವಾಗ ಮೊಮ್ಮಗಳು ನನ್ನ ಮೊಳಕೈಯ ಕೆಳಗಣ ಎರಡು ದುಂಡು ಗುರುತುಗಳನ್ನು ಮುಟ್ಟಿ, “ತಾತ, ಇದೇನು ಗಾಯ?” ಎಂದು ಕೇಳಿದಳು. “ಸಿಡುಬು ಬಾರದಿರಲೆಂದು ಚಿಕ್ಕಂದಿನಲ್ಲಿ ಹಾಕಿಸಿದ ದಾಕಿನ ಗುರುತಮ್ಮ” ಎಂದೆನು. ಅವಳ ತಲೆಮಾರಿನವರಿಗೆ ಅದು ಬೇಕಾಗಲಿಲ್ಲ. ಭಾರತದಲ್ಲಿ ಆ ರೋಗವು ೧೯೭೫ರಲ್ಲಿ ಕೊನೆಗೊಂಡಿತು. ಲೋಕವೆಲ್ಲವೂ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೮೦ರಲ್ಲಿ ಸಾರಿತು.

ದಾಕು ಹೊಸದಾಗಿ ಬಂದಾಗ ಜನರು ಅದಕ್ಕೆ ಅಂಜಿದರು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರಿನ ರಾಣಿಯರ ಚಿತ್ರವೊಂದುಂಟು. ಅದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ಕಾಣಿಸುತ್ತಿರುವುದು ದಾಕು ಹಾಕಿದ ಸ್ಥಳವನ್ನು ತೋರಿಸಿ ಜನರ ಅಂಜಿಕೆಯನ್ನು ಕಳೆಯುವುದಕ್ಕೆಂದು ಇತಿಹಾಸಜ್ಞರು ಊಹಿಸಿದ್ದಾರೆ. ಪರವಸ್ತುವನ್ನು ಒಳಸೇರಿಸಿದರೆ ದೇಹವು ತನಗೇ ಮುನಿದೀತೇ ಎಂಬ ಶಂಕೆಯು ಇಂದಿಗೂ ಕೆಲವು ತಾಯಂದಿರಲ್ಲಿ ಉಂಟು. ಇದಕ್ಕೆ ವಿಜ್ಞಾನವು ಕೊಡುವ ಉತ್ತರವು ವಿಚಿತ್ರವಾದುದು: ಸ್ವಂತ ದೇಹಕ್ಕೆ ಮುನಿದವರನ್ನು ದಾಕು ತರುವುದಿಲ್ಲ, ಅವರು ಮೊದಲಿನಿಂದಲೂ ನಮ್ಮೊಳಗೇ ಇದ್ದಾರೆ.

ಹೊರಗಿನಿಂದ ಬಂದ ವಿಷಾಣುವನ್ನು ಹಿಡಿದು ನಿಲ್ಲಿಸುವ ದ್ರವ್ಯಕ್ಕೆ ಪ್ರತಿಕಾಯವೆಂದು ಹೆಸರು. ಇದನ್ನು ತಯಾರಿಸುವ ಬಿ ಜೀವಕೋಶಗಳು ನಮ್ಮ ಮೂಳೆಯೊಳಗಣ ಮಜ್ಜೆಯಲ್ಲಿ ಹುಟ್ಟುತ್ತವೆ. ಮುಂದೆ ಬರುವ ಶತ್ರು ಯಾರೆಂದು ತಿಳಿಯದಾದುದರಿಂದ, ಪಗಡೆಯ ದಾಳವನ್ನೆಸೆದಂತೆ ತುಂಡುತುಂಡುಗಳು ಯದೃಚ್ಛೆಯಿಂದ ಕೂಡಿಕೊಂಡು ಪ್ರತಿಯೊಂದು ಕೋಶಕ್ಕೂ ಬೇರೆಬೇರೆ ಪ್ರತಿಕಾಯವು ದೊರೆಯುತ್ತದೆ. ಹೀಗಾಗಿ ಸ್ವಂತ ದೇಹವನ್ನೇ ಹಿಡಿಯುವಂಥವೂ ಹುಟ್ಟುತ್ತವೆ. ೨೦೦೩ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಸಂಶೋಧಕರು ಎಳೆಯ ಬಿ ಕೋಶಗಳನ್ನು ಪರೀಕ್ಷಿಸಲು, ನೂರಕ್ಕೆ ೫೫ರಿಂದ ೭೫ರಷ್ಟು ಇಂಥವೇ ಆಗಿದ್ದುವು. ದೇಹವು ಇವುಗಳಲ್ಲಿ ಹಲವನ್ನು ನಾಶಮಾಡುತ್ತದೆ, ಕೆಲವನ್ನು ತಿದ್ದುತ್ತದೆ, ಮತ್ತೆ ಕೆಲವನ್ನು ಬಾಯಿಕಟ್ಟಿ ಸುಮ್ಮನೆ ಕೂರಿಸುತ್ತದೆ.

ಹೀಗೆ ಕೂರಿಸಿದುದರಿಂದ ಪ್ರಯೋಜನವೇನು? ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕ್ರಿಸ್ಟಫರ್ ಗುಡ್‌ನೌ ಮತ್ತು ಸಂಗಡಿಗರು ೨೦೧೬ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಸಿಡುಬಿನ ದಾಕಿನಲ್ಲಿರುವ ವಿಷಾಣುವನ್ನಾಗಲಿ, ಪರರ ರಕ್ತಕಣದ ಆರ್‌ಎಚ್ ಅಂಶವನ್ನಾಗಲಿ ಎದುರಿಸಲು ಆರೋಗ್ಯವಂತರಲ್ಲಿ ಹುಟ್ಟಿದ್ದ ಮೂರು ಪ್ರತಿಕಾಯಗಳನ್ನು ಅವರು ಆರಿಸಿಕೊಂಡರು. ಅವುಗಳನ್ನು ಮೂಲರೂಪಕ್ಕೆ ತಿರುಗಿಸಿ ನೋಡಲು, ಮೂರೂ ಮನುಷ್ಯನ ರಕ್ತದ ಸ್ವಂತ ಕೋಶಗಳಿಗೇ ಬಲವಾಗಿ ಅಂಟಿಕೊಂಡುವು! ಈ ಕುಲದ ಪ್ರತಿಕಾಯಗಳು ಕೆಟ್ಟರೆ, ಚಳಿಯಲ್ಲಿ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ನಾಶವಾಗುವ ರೋಗವುಂಟಾಗುತ್ತದೆ. ಆದರೆ ಆ ಮೂರರಲ್ಲಿಯೂ ಒಂದೊಂದೇ ಮಾರ್ಪಾಟಿನಿಂದ ಸ್ವದೇಹದ ಮೇಲಣ ಹಿಡಿತವು ತಪ್ಪಿಹೋಗಿತ್ತು. ಅದರಿಂದ ಶತ್ರುವಿನ ಮೇಲಣ ಹಿಡಿತವೂ ಸಡಿಲವಾಗಿತ್ತಾದರೂ ಬೇರೆ ಮಾರ್ಪಾಟುಗಳು ಆ ನಷ್ಟವನ್ನು ತುಂಬಿಕೊಟ್ಟಿದ್ದುವು.

ಸಂಸ್ಕೃತ ಪಾಠದಲ್ಲಿ ನಾವು ಹುಡುಗರಿಗೆ ಹೇಳುವುದುಂಟು: ಸಕಾರದ ಸ್ಥಾನದಲ್ಲಿ ಶಕಾರವನ್ನುಚ್ಚರಿಸಿದರೆ ಬಂಧುವೆಂಬರ್ಥದ ‘ಸ್ವಜನ’ವು ನಾಯಿಯ ಕುಲವೆಂಬರ್ಥದ ‘ಶ್ವಜನ’ವಾಗುತ್ತದೆ. ಒಂದಕ್ಷರದಲ್ಲಿಯೇ ಅಷ್ಟು ಅಂತರ. ಇಲ್ಲಿಯೂ ಹಾಗೆಯೇ. ರೋಗಾಣು ಹೊಕ್ಕಾಗ ಕಂಕುಳು, ಕುತ್ತಿಗೆಗಳ ದುಗ್ಧಗ್ರಂಥಿಗಳಲ್ಲಿ ಈ ಕೋಶಗಳು ವೃದ್ಧಿಯಾಗುತ್ತ ತಮ್ಮ ಪ್ರತಿಕಾಯದ ಪಾಠದಲ್ಲಿ ಅಕ್ಷರವ್ಯತ್ಯಾಸಗಳನ್ನು ಮಾಡಿಕೊಳ್ಳುತ್ತವೆ. ಸ್ವಜನರನ್ನು ಬಿಟ್ಟು ಶತ್ರುವನ್ನು ಹಿಡಿದುವು ಬೆಳೆಯುತ್ತವೆ, ಉಳಿದುವು ಅಳಿಯುತ್ತವೆ.

ಇಂಥವರನ್ನೆಲ್ಲ ಮೊದಲೇ ಕೊಂದುಬಿಡಬಾರದೇಕೆ ಎನ್ನಬಹುದು. ಶತ್ರುವು ನಮ್ಮ ವೇಷವನ್ನೇ ಧರಿಸಿ ಬರುವುದುಂಟು. ಏಡ್ಸ್ ರೋಗದ ವಿಷಾಣುವು ನಮ್ಮ ಜೀವಕೋಶಗಳೇ ತಯಾರಿಸಿದ ಸಕ್ಕರೆಯ ಹೊದಿಕೆಯನ್ನು ಹೊದ್ದಿರುತ್ತದೆ. ನಮ್ಮವರನ್ನು ಹೋಲುವುದನ್ನು ಹಿಡಿಯಬಲ್ಲವರೆಲ್ಲ ಸತ್ತುಹೋಗಿದ್ದರೆ ಅಂಥ ವೇಷಧಾರಿಯನ್ನು ತಡೆಯುವವರು ಕಡಮೆಯಾಗುವರು.

ಉಪಾಧ್ಯಾಯನಾಗಿದ್ದಾಗ ನಾನು ಒಬ್ಬ ಹುಡುಗನನ್ನು, ಇವನು ತಿದ್ದುವವನಲ್ಲವೆಂದು ಹೇಳಿ, ಹಾಜರಿ ಪುಸ್ತಕದಿಂದ ಹೆಸರು ಹೊಡೆಸಿದ್ದೆನು. ಅವನು ಮುಂದೇನಾದನೋ ವಿಚಾರಿಸಲೂ ಇಲ್ಲ. ಈ ವೃತ್ತಾಂತವನ್ನು ಓದಿದ ದಿನ ಅವನ ಮುಖವು ನೆನಪಿಗೆ ಬಂದಿತು. ಬಾಯಿಕಟ್ಟಿ ಹಿಂದಿನ ಬೆಂಚಿನಲ್ಲಿ ಕೂರಿಸಿಯಾದರೂ ಉಳಿಸಿಕೊಳ್ಳುವಷ್ಟು ತಾಳ್ಮೆಯು ನಮ್ಮ ದೇಹಕ್ಕಿದೆ, ಅಂದು ನನಗಿರಲಿಲ್ಲ.