ಮನೆಯ ಬೆಕ್ಕೂ ಕಣಜದ ಕಾವಲೂ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಮುಂತಾದ ಗ್ರಾಮಗಳಲ್ಲಿ ರಾಗಿಯನ್ನು ಇಲಿಗಳಿಂದ ಕಾಪಾಡಲು ಬೆಕ್ಕನ್ನು ಸಾಕುವುದುಂಟು. ಆದರೆ ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯಲಾರದೆಂದೆಣಿಸಿ ಅದನ್ನು ಹಸಿವಿನಲ್ಲಿಡುವುದು ತಪ್ಪು. ಬೇಟೆಯು ಬೆಕ್ಕಿನ ಹುಟ್ಟುಗುಣ. ಉಂಡ ಬೆಕ್ಕೂ ಹೊಂಚು ಹಾಕುವುದು. ಹಸಿದ ಬೆಕ್ಕಾದರೋ ಕಣಜವನ್ನು ಬಿಟ್ಟು ನೆರೆಮನೆಯ ಹಾಲನ್ನೂ ಕೋಳಿಮರಿಯನ್ನೂ ಅರಸಿ ಹೋಗುವುದು.

ಆದುದರಿಂದ ರೈತರು ಗಮನಿಸತಕ್ಕ ವಿಷಯಗಳು:

1. ಇಲಿ ಹಿಡಿಯುವ ತಾಯಿಯ ಮರಿಯನ್ನೇ ಆರಿಸಿಕೊಳ್ಳತಕ್ಕದ್ದು. 8 ವಾರ ತುಂಬುವವರೆಗೆ ಅದನ್ನು ಅಗಲಿಸಬಾರದು. ತಾಯಿಯು ಜೀವವಿರುವ ಇಲಿಯನ್ನು ತಂದು ಮರಿಗಳಿಗೆ ಬೇಟೆಯನ್ನು ಕಲಿಸುವುದು.

2. ದಿನವೂ ಹೊತ್ತಿಗೆ ಸರಿಯಾಗಿ ಕಣಜದ ಬಳಿಯಲ್ಲಿಯೇ ಆಹಾರವನ್ನು ಕೊಟ್ಟು, ಇಲಿಗಳು ಹೊರಡುವ ಮುಸ್ಸಂಜೆಯಲ್ಲಿ ಬೆಕ್ಕನ್ನು ಅಲ್ಲಿಯೇ ಬಿಡತಕ್ಕದ್ದು. ಅಷ್ಟರೊಳಗೆ ಕೋಳಿಮರಿಗಳನ್ನು ಬುಟ್ಟಿಯಡಿ ಮುಚ್ಚಿರಬೇಕು.

3. ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣವನ್ನು ಇಡಬಾರದು. ವಿಷವುಂಡ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು.

ಬೆಕ್ಕು ಹಿಡಿಯುವುದು ಹೆಚ್ಚಾಗಿ ಸುಂಡಿಲಿಗಳನ್ನೂ ಎಳೆಯ ಇಲಿಗಳನ್ನೂ. ಬಲಿತ ಹೆಗ್ಗಣದ ತಂಟೆಗೆ ಅದು ಹೋಗುವುದು ವಿರಳ. ಆದಕಾರಣ ಬಿಲಗಳನ್ನು ಮುಚ್ಚಿ, ಹೆಗ್ಗಣಕ್ಕೆ ಬೋನನ್ನು ಒಡ್ಡುವ ಕೆಲಸವು ರೈತನದಾಗಿಯೇ ಉಳಿಯುತ್ತದೆ.